ಅತುಲ್ ಕೊಹ್ಲಿ ಅವರ ಸಂಶೋಧನೆ ಏನು?

ಬಡವರ ಪರ ನೀತಿ ಒಂದು ಕಡೆ ಜಾರಿಯಾಗುತ್ತದೆ, ಇನ್ನೊಂದು ಕಡೆ ಕಡತದಲ್ಲೇ ಕೊಳೆಯುತ್ತದೆ. ಯಾಕೆ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಜಕೀಯ ಶಾಸ್ತ್ರಜ್ಞ ಕೊಹ್ಲಿ ಬೆನ್ನು ಹತ್ತಿದ್ದು ಇದನ್ನೇ.

1987ರ ಪುಸ್ತಕದಲ್ಲಿ ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಜೊತೆ ನಮ್ಮ ಕರ್ನಾಟಕವನ್ನೂ ಇಟ್ಟು ನೋಡಿದರು. ಬಂಗಾಳದ ಎಡಪಕ್ಷಕ್ಕೆ ಹಳ್ಳಿಯವರೆಗೂ ಶಿಸ್ತಿನ ಸಂಘಟನೆ ಇತ್ತು. ಪಾಲಿಗೆ ಉಳುವವರ ಹೆಸರು ದಾಖಲೆಗೆ ಬಂತು. ಇಲ್ಲಿ ದೇವರಾಜ ಅರಸರು ಭೂಸುಧಾರಣೆ ತಂದರು ನಿಜ, ಆದರೆ ಎಲ್ಲ ಅವರೊಬ್ಬರ ವರ್ಚಸ್ಸಿನ ಮೇಲೆ ನಿಂತಿತ್ತು, ಪಕ್ಷದ ಬುಡ ಗಟ್ಟಿ ಇರಲಿಲ್ಲ. ಹಾಗಾಗಿ ಫಲವೂ ಕಡಿಮೆ ಅಂತ ಕೊಹ್ಲಿ ಅವರ ವಾದ. ಕರಾವಳಿಯಲ್ಲಿ ಭೂಮಿ ಸಿಕ್ಕ ಗೇಣಿದಾರರು ಇದನ್ನು ಸುಲಭಕ್ಕೆ ಒಪ್ಪಲಾರರು, ಅಲ್ವಾ?

2004ರ ಪುಸ್ತಕದಲ್ಲಿ ದಕ್ಷಿಣ ಕೊರಿಯಾ, ಬ್ರೆಜಿಲ್, ಭಾರತ, ನೈಜೀರಿಯಾಗಳನ್ನು ಹೋಲಿಸಿ, ಕೈಗಾರಿಕೆ ಬೆಳೆಯುವುದು ಸರ್ಕಾರದ ಕಸುವಿನಿಂದ ಎಂದರು. ಆದರೂ ನಾನು ಮೊದಲು ಕೈಗೆತ್ತಿಕೊಳ್ಳಿ ಅನ್ನುವುದು 1987ರದ್ದನ್ನೇ.