ಜಾಹೀರಾತು ಮಾಡಿಕೊಟ್ಟೆ, ಮಾರಾಟ ಏರಲಿಲ್ಲ: ಗ್ರಾಹಕರಿಗೆ ಹಣ ವಾಪಸ್ ಕೊಡಬೇಕಾ?

ಮಾರಾಟ ಏರಲಿಲ್ಲ ಅಂತ ನಿಮ್ಮ ಗ್ರಾಹಕರು ಹಣ ವಾಪಸ್ ಕೇಳುತ್ತಿರುವುದಕ್ಕೆ ಕಾರಣ ಬಹುಶಃ ನಿಮ್ಮ ಜಾಹೀರಾತಲ್ಲ. ನೀವು ಒಪ್ಪಿಕೊಂಡದ್ದು ಕೆಲಸ, ಅವರು ಕೊಂಡೆವು ಅಂದುಕೊಂಡದ್ದು ಫಲಿತಾಂಶ. ಶುರುವಿನಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ ಅನ್ನಿಸುತ್ತದೆ.

ಮೊದಲು ಹಳೆಯ ಕೊಟೇಶನ್, ಈಮೇಲ್, ಮೆಸೇಜ್ ಎಲ್ಲ ಓದಿ. 'ಮಾರಾಟ ಜಾಸ್ತಿ ಆಗುತ್ತೆ' ಅಂತ ಎಲ್ಲಾದರೂ ಮಾತು ಕೊಟ್ಟಿದ್ದರೆ ಅದು ನಿಮ್ಮ ಹೊಣೆ. ವಾದ ಮಾಡದೆ ಒಂದಷ್ಟು ಹಣ ವಾಪಸ್ ಕೊಡಿ.

ಕೊಟ್ಟಿಲ್ಲವಾದರೆ ಲೆಕ್ಕ ತೆಗೆಯಿರಿ. ಜಾಹೀರಾತು ಎಷ್ಟು ಜನರಿಗೆ ಕಾಣಿಸಿತು, ಎಷ್ಟು ಮಂದಿ ಕ್ಲಿಕ್ ಮಾಡಿದರು, ಎಷ್ಟು ಮಂದಿ ವಿಚಾರಿಸಿದರು, ಕೊನೆಗೆ ಕೊಂಡವರೆಷ್ಟು? ಕ್ಲಿಕ್ಕೇ ಬಂದಿಲ್ಲ ಅಂದರೆ ತಪ್ಪು ನಿಮ್ಮ ಕಡೆ. ವಿಚಾರಿಸಿದವರಿಗೆ ನಿಮ್ಮ ಗ್ರಾಹಕರು ಎರಡು ದಿನ ಬಿಟ್ಟು ಫೋನ್ ಮಾಡಿದ್ದರೆ, ಅಥವಾ ಬೆಲೆ ಕೇಳಿ ಜನ ಹಿಂದೆ ಸರಿದಿದ್ದರೆ, ಅದು ಅವರದು. ಕ್ಲಿಕ್ ಬಂದು ವಿಚಾರಣೆ ಬಾರದಿದ್ದರೆ ಮಾತ್ರ ಕಷ್ಟ. ಅವರ ವೆಬ್‌ಸೈಟ್ ಸರಿ ಇಲ್ಲದಿರಬಹುದು, ನೀವು ತಪ್ಪು ಜನರಿಗೆ ತೋರಿಸಿರಬಹುದು. ಅಂಕಿ ನೋಡದೆ ಯಾವುದು ಅಂತ ಹೇಳಲಾಗದು.

ಇನ್ನೊಂದು ಮಾತು. ವೆಬ್‌ಸೈಟ್ ಕೆಟ್ಟದಾಗಿದೆ ಅಂತ ಗೊತ್ತಿದ್ದೂ ಸುಮ್ನೆ ಇದ್ದಿರಾ? ಹಾಗಿದ್ದರೆ ಒಂದು ಪಾಲು ನಿಮಗೂ ಬರುತ್ತದೆ. ಕಂಡದ್ದನ್ನು ಎಚ್ಚರಿಸುವುದೂ ನಮ್ಮ ಕೆಲಸವೇ, ಅಲ್ವಾ?

ಆಮೇಲೆ ಅಂಕಿಗಳನ್ನೆಲ್ಲ ಒಂದೇ ಹಾಳೆಯಲ್ಲಿಟ್ಟು ಎದುರು ಕೂತು ಮಾತಾಡಿ, ಮೆಸೇಜ್‌ನಲ್ಲಿ ಬೇಡ. ನಿಮ್ಮ ಪಾಲಿನ ಕೊರತೆಯನ್ನು ಉಚಿತವಾಗಿ ಸರಿಮಾಡಿಕೊಡಿ, ಉಳಿದ ಕೆಲಸದ ಹಣ ವಾಪಸ್ ಕೊಡಬೇಡಿ. ಮುಂದಿನ ಒಪ್ಪಂದದಲ್ಲಿ ನೀವು ಯಾವ ಅಂಕಿಗೆ ಹೊಣೆ, ವಿಚಾರಿಸಿದವರಿಗೆ ಅವರು ಎಷ್ಟು ಗಂಟೆಯೊಳಗೆ ಉತ್ತರಿಸಬೇಕು, ಎರಡನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ.