ಬುಡಾಪೆಸ್ಟಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಪ್ರಶ್ನೆ: ಮೇಡಂ, ನಾನು ತಿತಿಮತಿ ಹತ್ತಿರದ ಹಾಡಿಯವಳು, ಬೆಟ್ಟ ಕುರುಬ ಸಮುದಾಯ. ಗೋಣಿಕೊಪ್ಪಲಿನಲ್ಲಿ ಬಿ.ಎ. ಮುಗಿಸಿದ್ದೇನೆ, ಸಮಾಜಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿವೆ. ಹಂಗೇರಿಯ ಬುಡಾಪೆಸ್ಟಿನಲ್ಲಿರುವ ಎಲ್ಟೆ ವಿಶ್ವವಿದ್ಯಾಲಯದ ‘ಜನಾಂಗೀಯ ಮತ್ತು ಅಲ್ಪಸಂಖ್ಯಾತ ಅಧ್ಯಯನ’ ಎಂ.ಎ.ಗೆ ಅರ್ಜಿ ಹಾಕುವ ಆಸೆ. ಉದ್ದೇಶ ಪತ್ರದಲ್ಲಿ ಬಾಲ್ಯದ ಲೈನ್ ಮನೆ, ಅಮ್ಮನ ತೋಟದ ಕೂಲಿ, ಬಡತನ ಎಲ್ಲವನ್ನೂ ಬರೆ, ಓದಿದವರ ಕಣ್ಣು ಒದ್ದೆಯಾಗಬೇಕು ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಖರ್ಚಿಗೆ ಏನು ದಾರಿ? ಮುಂದೆ ಕೆಲಸ ಸಿಗುತ್ತದೆಯೇ? ಇನ್ನೊಂದು ಮಾತು. ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ ಹೋದ ನನ್ನ ಅತ್ತೆಯ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ಬರೀ ‘ಕುರುಬ’ ಎಂದಿದ್ದುದರಿಂದ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಸಿಗಲಿಲ್ಲ, ನಮಗೆ ಸಿಕ್ಕಿತ್ತು. ಇಂಥದ್ದನ್ನೆಲ್ಲ ಬರೆಯಬಹುದೇ?
— ಹೆಸರು ಬೇಡ, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಬರೆಯಬಹುದೇ ಎಂದು ಕೇಳುತ್ತಿದ್ದೀರಿ. ಅದನ್ನೇ ಬರೆಯಬೇಕು. ನಿಮ್ಮ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಅದು, ನೀವೋ ಅದನ್ನು ಕೊನೆಗೆ ತಳ್ಳಿದ್ದೀರಿ.

ಒಂದೇ ಬಳ್ಳಿಯ ಮಕ್ಕಳು ಜಿಲ್ಲೆಯ ಗಡಿಯ ಆಚೆ ಈಚೆ ಬೇರೆ ಬೇರೆ ಪಟ್ಟಿಗೆ ಸೇರಿದ್ದೇಕೆ? ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು, ಅದರ ಪರಿಶಿಷ್ಟ ಪಂಗಡಗಳ ಪಟ್ಟಿಯೂ ಪ್ರತ್ಯೇಕವಾಗಿತ್ತು. ರಾಜ್ಯ ಒಂದಾದ ಮೇಲೂ ಆ ಗೆರೆ ಅಳಿಯಲಿಲ್ಲ. ಕರ್ನಾಟಕದ ಪಟ್ಟಿಯಲ್ಲಿ ಇಂದಿಗೂ ‘ಕುರುಬ (ಕೊಡಗು ಜಿಲ್ಲೆಯಲ್ಲಿ)’ ಎಂದೇ ಇದೆ. ಕುಶಾಲನಗರದ ಸೇತುವೆ ದಾಟಿ ಮೈಸೂರು ಜಿಲ್ಲೆಯ ಕೊಪ್ಪಕ್ಕೆ ಕಾಲಿಟ್ಟರೆ ಆವರಣದೊಳಗಿನ ಆ ಮಾತು ನಿಮ್ಮ ಕೈಹಿಡಿಯುವುದಿಲ್ಲ. ಅಲ್ಲಿ ‘ಕಾಡು ಕುರುಬ’ ಎಂದೋ ‘ಜೇನು ಕುರುಬ’ ಎಂದೋ ಸ್ಪಷ್ಟವಾಗಿ ದಾಖಲಾಗಿರಬೇಕು. ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುವ ದಿನ ದಾಖಲಾತಿ ಪುಸ್ತಕದ ಜಾತಿಯ ಅಂಕಣದಲ್ಲಿ ಮೇಷ್ಟರು ಅವಸರಕ್ಕೆ ‘ಕುರುಬ’ ಎಂದಷ್ಟೇ ಗೀಚಿದರೆ, ತಹಶೀಲ್ದಾರರ ಕಚೇರಿಯಲ್ಲಿ ಆ ಮಗು ಬೆಟ್ಟದ ಮಗುವೇ ಅಲ್ಲ! ‘ಬೆಟ್ಟ ಕುರುಬ’ ಎಂಬ ಹೆಸರು ಕಾಡು ಕುರುಬದ ಜೊತೆಯಲ್ಲಿ ಪಟ್ಟಿ ಸೇರಲು 2022ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ಮಸೂದೆಯನ್ನೇ ಅಂಗೀಕರಿಸಬೇಕಾಯಿತು.

ಇನ್ನು ನೀವು ಹೋಗಬೇಕೆಂದಿರುವ ದೇಶವನ್ನು ನೋಡಿ. ಹಂಗೇರಿ 1993ರಲ್ಲಿ ಅಲ್ಪಸಂಖ್ಯಾತರ ಹಕ್ಕುಗಳ ಕಾನೂನು ಮಾಡಿತು, 2011ರಲ್ಲಿ ಅದರ ಜಾಗಕ್ಕೆ ಹೊಸದನ್ನು ತಂದಿತು. ರೋಮಾ (ಜಿಪ್ಸಿ) ಜನರೂ ಸೇರಿ 13 ಸಮುದಾಯಗಳಿಗೆ ಅಲ್ಲಿ ಮಾನ್ಯತೆಯಿದೆ. ಹೊಸ ಸಮುದಾಯವೊಂದು ಮಾನ್ಯತೆ ಕೇಳಬೇಕಾದರೆ ಆ ನೆಲದಲ್ಲಿ ಕನಿಷ್ಠ 100 ವರ್ಷ ನೆಲೆಸಿರಬೇಕು, 1000 ಮಂದಿಯ ಸಹಿ ತರಬೇಕು. ಆದರೆ ಇಂಥವರು ಇಂಥ ಸಮುದಾಯದವರು ಎಂದು ತೀರ್ಮಾನಿಸುವುದು ಕಚೇರಿಯಲ್ಲ. ನಾನು ಇಂಥವಳು ಎಂದು ವ್ಯಕ್ತಿಯೇ ಘೋಷಿಸಿಕೊಳ್ಳಬೇಕು. ಕೇಳಲು ಚೆನ್ನಾಗಿದೆ. ಆದರೆ ಅದನ್ನೇ ಬಳಸಿಕೊಂಡು, ಸಮುದಾಯಕ್ಕೆ ಸೇರದವರೂ ಅಲ್ಪಸಂಖ್ಯಾತರ ಸ್ವಯಮಾಡಳಿತ ಸಂಸ್ಥೆಗಳ ಚುನಾವಣೆಗೆ ನಿಂತರು. 2005ರಲ್ಲಿ ಕಾನೂನು ತಿದ್ದಬೇಕಾಯಿತು. ಇಲ್ಲಿ ಪ್ರಮಾಣಪತ್ರದ ಬಾಗಿಲು ಇಕ್ಕಟ್ಟಾಗಿ ನಿಜವಾದವರು ಹೊರಗುಳಿಯುತ್ತಾರೆ, ಅಲ್ಲಿ ಬಾಗಿಲು ತೆರೆದಿದ್ದಕ್ಕೆ ಬೇರೆಯವರು ಒಳಬಂದರು. ಹಾಗಾದರೆ ಒಬ್ಬರು ಯಾವ ಸಮುದಾಯದವರೆಂದು ಹೇಳುವ ಅಧಿಕಾರ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆಯನ್ನು ಅತ್ತೆಯ ಮನೆಯಿಂದ ಹಿಡಿದುಕೊಂಡು ಹೊರಟ ಹುಡುಗಿ ನೀವು. ಪತ್ರದ ಮೊದಲ ಪರಿಚ್ಛೇದದಲ್ಲೇ ಅದು ಬರಲಿ.

ಬಡತನವನ್ನು ಮುಚ್ಚಿಡಿ ಎನ್ನುತ್ತಿಲ್ಲ. ಪ್ರಮಾಣಪತ್ರ ಇಲ್ಲದ್ದರಿಂದ ವಿದ್ಯಾರ್ಥಿವೇತನ ತಪ್ಪಿ ಅತ್ತೆಯ ಮಗ ಓದು ಬಿಟ್ಟು ಕಾಫಿ ಕೊಯ್ಲಿಗೆ ಹೋಗಿದ್ದರೆ, ಅದನ್ನು ಅವನ ಒಪ್ಪಿಗೆ ಪಡೆದು ಧಾರಾಳವಾಗಿ ಬರೆಯಿರಿ; ಅಲ್ಲಿ ಬಡತನ ನಿಮ್ಮ ಪ್ರಶ್ನೆಯ ಒಳಗೇ ಇದೆ. ಕಣ್ಣೀರು ತರಿಸುವುದಕ್ಕೆಂದೇ ಹಾಡಿಯನ್ನು ತಂದು ನಿಲ್ಲಿಸುವ ಪತ್ರಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದೇವರಪುರದ ಕುಂಡೆ ಹಬ್ಬದ ವೇಷ, ಹಾಡು, ಕುಣಿತವನ್ನು ಅಲಂಕಾರಕ್ಕೆಂದು ಸೇರಿಸುವುದೂ ಬೇಡ. ನಿಮ್ಮ ಮನಸ್ಸು ಹಿಂಜರಿದದ್ದು ಸರಿಯಾಗಿಯೇ ಇದೆ, ಅದರ ಮಾತು ಕೇಳಿ.

ಖರ್ಚಿನ ವಿಷಯ. ಹಂಗೇರಿ ಸರ್ಕಾರದ ‘ಸ್ಟಿಪೆಂಡಿಯಂ ಹಂಗಾರಿಕಂ’ ವಿದ್ಯಾರ್ಥಿವೇತನ 2013ರಲ್ಲಿ ಶುರುವಾದದ್ದು. ಬೋಧನಾ ಶುಲ್ಕವಿಲ್ಲ, ವಿಮೆಯಿದೆ, ಹಾಸ್ಟೆಲ್ ಅಥವಾ ಬಾಡಿಗೆಗೆ ನೆರವಿದೆ. ಎಂ.ಎ. ವಿದ್ಯಾರ್ಥಿಗಳಿಗೆ ಕೊಡುತ್ತ ಬಂದಿರುವ ತಿಂಗಳ ಭತ್ಯೆ 43,700 ಫೋರಿಂಟ್. ಬುಡಾಪೆಸ್ಟಿನ ಊಟ ತಿಂಡಿಗೆ ಅದೊಂದೇ ಸಾಲದು, ವಿಮಾನದ ಟಿಕೆಟ್ಟೂ ನಿಮ್ಮದೇ. ಅರ್ಜಿ ಎರಡು ಕಡೆ ಹೋಗಬೇಕು: ಹಂಗೇರಿಯ ಟೆಂಪಸ್ ಪ್ರತಿಷ್ಠಾನದ ಜಾಲತಾಣಕ್ಕೆ ಒಂದು, ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯದ ನಾಮನಿರ್ದೇಶನಕ್ಕೆ ಇನ್ನೊಂದು. ಎರಡನೆಯದನ್ನು ಮರೆತರೆ ಮೊದಲನೆಯದೂ ವ್ಯರ್ಥ. ಗಡುವು ಸಾಮಾನ್ಯವಾಗಿ ಜನವರಿ ಮಧ್ಯದಲ್ಲಿ ಬರುತ್ತದೆ, ತರಗತಿ ಸೆಪ್ಟೆಂಬರಿನಲ್ಲಿ. ಆ ವರ್ಷದ ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಇದಲ್ಲದೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 20 ಮಂದಿಗೆ: 17 ಸ್ಥಾನ ಪರಿಶಿಷ್ಟ ಪಂಗಡದವರಿಗೆ, 3 ಸ್ಥಾನ ಜೇನು ಕುರುಬ, ಕೊರಗರಂಥ ವಿಶೇಷ ದುರ್ಬಲ ಗುಂಪುಗಳಿಗೆ. ವಿದೇಶದ ಓದಿಗೆ ನೆರವಾಗುವ ರಾಜ್ಯದ ‘ಪ್ರಬುದ್ಧ’ ಯೋಜನೆಯ ಬಗ್ಗೆ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯಲ್ಲಿ ವಿಚಾರಿಸಿ.

ಪಾಸ್‌ಪೋರ್ಟಿಗೆ ಈ ವಾರವೇ ಅರ್ಜಿ ಹಾಕಿ. ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು, ತಂದೆಯ ಹೆಸರು ಅಕ್ಷರಶಃ ಒಂದೇ ಇರಲಿ. ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದು ವಿಷಯ ಗಟ್ಟಿ ಮಾಡಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೊಸದಾಗಿ ಬರೆಯಿರಿ.

ಕೆಲಸ? ಈ ಪದವಿ ಹಿಡಿದವರಿಗೆಂದೇ ಮೀಸಲಾದ ಹುದ್ದೆಗಳಿಲ್ಲ, ಇದನ್ನು ಅಮ್ಮನಿಗೂ ಬಿಡಿಸಿ ಹೇಳಿ. ಸಂಶೋಧನೆ, ಕಾಲೇಜು ಬೋಧನೆ, ಅರಣ್ಯ ಹಕ್ಕಿನಂಥ ವಿಷಯಗಳಲ್ಲಿ ದುಡಿಯುವ ಸಂಸ್ಥೆಗಳು, ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆಯಂಥ ಕಡೆಗಳಲ್ಲಿ ಈ ಓದು ಉಪಯೋಗಕ್ಕೆ ಬರುತ್ತದೆ. ಬುಡಾಪೆಸ್ಟ್ ಒಂದನ್ನೇ ನಂಬಿ ಕೂರಬೇಡಿ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಮರಕಂಟಕದ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯಗಳಿಗೂ ಅದೇ ಚಳಿಗಾಲದಲ್ಲಿ ಅರ್ಜಿಗೆ ಸಿದ್ಧರಾಗಿ. ಕರಡು ಮುಗಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಓದಿ, ತಿದ್ದಬೇಕಾದಲ್ಲಿ ಗುರುತು ಹಾಕಿ ಕೊಡುತ್ತೇನೆ.