ಗೇಮ್ ಮುಗಿಯುವ ಮುಂಚೆಯೇ ಪುಟ ತೆರೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಒಬ್ಬರೇ ಕೂತು, ಇಲ್ಲವೇ ಇಬ್ಬರು ಮೂವರು ಸೇರಿ ಮಾಡಿದ ಸಣ್ಣ ಗೇಮ್ ಅನ್ನು ಜನರಿಗೆ ಮುಟ್ಟಿಸುವುದು ಹೇಗೆ? ನಾನೂ ಇದೇ ಕೆಲಸದವಳು. ಗೆಳತಿಯೊಬ್ಬಳ ಜೊತೆ ಸೇರಿ ಪಜಲ್ ಗೇಮ್ ಮಾಡುತ್ತೇನೆ. ಅವಳು ಕೋಡ್ ಬರೆಯುತ್ತಾಳೆ, ನಾನು ಲೆವೆಲ್ ಕಟ್ಟುತ್ತೇನೆ. ಪ್ರಚಾರವೂ ನನ್ನ ಪಾಲಿನದು, ಅದನ್ನು ಇಷ್ಟಪಟ್ಟೇ ಮಾಡುತ್ತೇನೆ. ಕೇಳಿದವರೆಲ್ಲ ಕಂಪ್ಯೂಟರ್ ಗೇಮ್ ಮಾಡುತ್ತಿರುವವರು. ಹಾಗಾಗಿ ಉತ್ತರಗಳಲ್ಲಿ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಬಗ್ಗೆಯೇ ಜಾಸ್ತಿ ಇದೆ.

ಪ್ರಶ್ನೆ: ಲೈಟ್‌ಹೌಸ್ ಕಾಯುವವನೊಬ್ಬನ ಬಗ್ಗೆ ಗೇಮ್ ಮಾಡುತ್ತಿದ್ದೇನೆ. ಮುಕ್ಕಾಲು ಭಾಗ ಆಗಿದೆ. ಎಲ್ಲ ಮುಗಿದ ಮೇಲೆ ಸ್ಟೀಮ್‌ಗೆ ಹಾಕಿ, ಆಮೇಲೆ ಪ್ರಚಾರ ಶುರು ಮಾಡೋಣ ಅಂದುಕೊಂಡಿದ್ದೇನೆ. ಸರಿನಾ?

ಬೇಡ. ಸ್ಟೀಮ್‌ನಲ್ಲಿ ನಿಮ್ಮ ಗೇಮ್‌ನ ಪುಟವನ್ನು ಈಗಲೇ ತೆರೆಯಿರಿ.

ಮೊದಲು ನಿಯಮ ಹೇಳಿಬಿಡುತ್ತೇನೆ. 2017ರಿಂದ ಸ್ಟೀಮ್‌ನಲ್ಲಿ ಸ್ಟೀಮ್ ಡೈರೆಕ್ಟ್ ಎಂಬ ವ್ಯವಸ್ಥೆ ಇದೆ. ಒಂದು ಗೇಮ್‌ಗೆ 100 ಡಾಲರ್ ಕಟ್ಟಬೇಕು. ಗೇಮ್ 1,000 ಡಾಲರ್ ದುಡಿದ ಮೇಲೆ ಆ ಹಣ ವಾಪಸ್ ಬರುತ್ತದೆ. ಹೊಸಬರು ಹಣ ಕಟ್ಟಿದ ದಿನದಿಂದ 30 ದಿನ ಕಾಯದೆ ಬಿಡುಗಡೆ ಮಾಡುವಂತಿಲ್ಲ. 'ಶೀಘ್ರದಲ್ಲೇ ಬರಲಿದೆ' ಎಂಬ ಪುಟ ಕನಿಷ್ಠ ಎರಡು ವಾರವಾದರೂ ಎಲ್ಲರಿಗೂ ಕಾಣುವಂತಿರಬೇಕು. ಪುಟವನ್ನೂ ಗೇಮ್‌ನ ಫೈಲ್‌ಗಳನ್ನೂ ಸ್ಟೀಮ್‌ನವರು ಬೇರೆಬೇರೆಯಾಗಿ ಪರಿಶೀಲಿಸುತ್ತಾರೆ, ಅದಕ್ಕೂ ಕೆಲವು ದಿನ ಹಿಡಿಯುತ್ತದೆ.

ಆದರೆ ಎರಡು ವಾರ ಎನ್ನುವುದು ನಿಯಮದ ಮಾತು. ನಿಮ್ಮ ಗೇಮ್‌ಗೆ ಅಷ್ಟು ಸಾಲುವುದಿಲ್ಲ. ಪುಟ ತೆರೆದ ದಿನದಿಂದ ನೋಡಿದವರು ಗೇಮ್ ಅನ್ನು ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಬೇಕೆಂದಿರುವ ಗೇಮ್‌ಗಳ ಪಟ್ಟಿಗೆ, ಸೇರಿಸಿಕೊಳ್ಳಬಹುದು. ಬಿಡುಗಡೆಯ ದಿನ ಅವರಿಗೆಲ್ಲ ಸ್ಟೀಮ್ ತಾನೇ ಇಮೇಲ್ ಕಳಿಸುತ್ತದೆ. ಇನ್ನು ಮುಂದೆ ನೀವು ಎಲ್ಲಿ ಏನು ತೋರಿಸಿದರೂ, ನೋಡಿ ಇಷ್ಟಪಟ್ಟವರು ಮುಂದೇನು ಮಾಡಬೇಕು ಅಂತ ಗೊತ್ತಿರಬೇಕು ಅಲ್ವಾ? ಪುಟವೇ ಇಲ್ಲದಿದ್ದರೆ ಅವರು ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ, ಸಂಜೆಯೊಳಗೆ ಹೆಸರೂ ಮರೆತುಹೋಗುತ್ತದೆ. ನಾವು ಪುಟ ತೆರೆಯುವುದು ಒಂದು ಲೆವೆಲ್ ಪೂರ್ತಿ ಚೆಂದ ಕಾಣುವಷ್ಟು ಸಿದ್ಧವಾದ ಕೂಡಲೇ. ಉಳಿದ ಲೆವೆಲ್‌ಗಳಲ್ಲಿ ಬಣ್ಣವೇ ಇಲ್ಲದ ಡಬ್ಬಿಗಳಿದ್ದರೂ ಚಿಂತೆಯಿಲ್ಲ.

ಪುಟಕ್ಕೆಂದು ನೀವು ಬರೆದ ಸಾಲನ್ನೂ ಪತ್ರದಲ್ಲಿ ಕಳಿಸಿದ್ದೀರಿ: "ಕತ್ತಲು ಬೆಳಕಿನ ನಡುವಿನ ಮರೆಯಲಾಗದ ಪಯಣ." ಇದರಲ್ಲಿ ನಿಮ್ಮ ಗೇಮ್ ಇಲ್ಲ. ಪತ್ರದ ಎರಡನೇ ಪುಟದಲ್ಲಿ ಎಣ್ಣೆಯ ವಿಷಯ ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ಈಗಲೇ ಆಡಬೇಕು ಅನ್ನಿಸಿತು. ಅದನ್ನೇ ಹೇಳಿ. "ಲೈಟ್‌ಹೌಸಿನ ದೀಪ ತಿರುಗಿಸಿ ಹಡಗುಗಳಿಗೆ ದಾರಿ ತೋರಿಸಿ. ಎಣ್ಣೆ ಎಲ್ಲ ಹಡಗಿಗೂ ಸಾಲುವುದಿಲ್ಲ. ಯಾವುದನ್ನು ಉಳಿಸಬೇಕು ಎಂದು ನೀವೇ ತೀರ್ಮಾನಿಸಿ." ಆಡುವವನ ಕೈಗೆ ಏನು ಕೆಲಸ, ಅವನಿಗೆ ಏನು ಕಷ್ಟ, ಎರಡೂ ಇದರಲ್ಲಿ ಬಂತು.

ಸ್ಕ್ರೀನ್‌ಶಾಟ್ ಕನಿಷ್ಠ ಐದು ಬೇಕು. ಐದೂ ಆಡುವಾಗ ಕಾಣುವ ಚಿತ್ರಗಳೇ ಆಗಿರಲಿ, ಐದೂ ಬೇರೆಬೇರೆ ಕ್ಷಣದವಾಗಿರಲಿ. ಮುಖಚಿತ್ರಕ್ಕೆ ಮಾತ್ರ ಕೈಲಾದಷ್ಟು ಹಣ ಇಡಿ, ಒಳ್ಳೆ ಚಿತ್ರಕಾರರಿಂದಲೇ ಬರೆಸಿ. ಹುಡುಕಾಟದಲ್ಲಿ, ಪಟ್ಟಿಗಳಲ್ಲಿ ಅದು ಹೆಬ್ಬೆರಳಿನಷ್ಟು ಅಗಲಕ್ಕೆ ಕುಗ್ಗುತ್ತದೆ. ಅಷ್ಟು ಕುಗ್ಗಿದರೂ ಗೇಮ್‌ನ ಹೆಸರು ಓದಲು ಬರಬೇಕು. 2022ರಿಂದ ಅದರ ಮೇಲೆ ಪ್ರಶಸ್ತಿ, ವಿಮರ್ಶೆಯ ಸಾಲು ಹಾಕುವುದನ್ನು ಸ್ಟೀಮ್ ನಿಲ್ಲಿಸಿದೆ. ನನಗೆ ಅದು ಒಳ್ಳೆಯದೇ ಅನ್ನಿಸುತ್ತದೆ. ಚಿತ್ರ ಚಿತ್ರವಾಗಿಯೇ ಉಳಿಯುತ್ತದೆ.

ಇನ್ನು ಟ್ಯಾಗ್, ಅಂದರೆ ಗೇಮ್ ಯಾವ ಬಗೆಯದು ಎಂದು ಹೇಳುವ ಪದಗಳು. ನಿಮ್ಮ ಗೇಮ್ ಯಾವ ಗೇಮ್‌ಗಳ ಪಕ್ಕ ಕಾಣಿಸಿಕೊಳ್ಳಬೇಕು ಎನ್ನುವುದು ಬಹಳಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. 'ಇಂಡೀ', 'ಸಾಹಸ' ಎಂಬ ಟ್ಯಾಗ್ ಸಾವಿರಾರು ಗೇಮ್‌ಗಳಿಗಿವೆ. ಅವನ್ನು ಕೆಳಗಿಟ್ಟು, ನಿಮ್ಮ ಗೇಮ್‌ಗೆ ನಿಜವಾಗಿ ಒಪ್ಪುವ, ಕಡಿಮೆ ಗೇಮ್‌ಗಳಿಗಿರುವ ಟ್ಯಾಗ್‌ಗಳನ್ನು ಮೇಲಿಡಿ.

ಪ್ರಶ್ನೆ: ನನ್ನ ಟ್ರೇಲರ್ ಎರಡೂವರೆ ನಿಮಿಷ ಇದೆ. ಲೋಗೋ, ಕಥೆಯ ಹಿನ್ನೆಲೆ, ಆಮೇಲೆ ಗೇಮ್. ನೋಡಿದವರು ಅರ್ಧಕ್ಕೇ ನಿಲ್ಲಿಸುತ್ತಾರೆ.

ಲೋಗೋ ಕೊನೆಗೆ ಹೋಗಲಿ. ಕಥೆಯನ್ನು ತೆಗೆಯಿರಿ. ಮೊದಲ ಐದು ಸೆಕೆಂಡಿನಲ್ಲೇ ಯಾರೋ ಆಡುತ್ತಿರುವುದು ಕಾಣಬೇಕು. ಒಟ್ಟು ಒಂದು ನಿಮಿಷದೊಳಗೆ ಮುಗಿಸಿ. ಶಬ್ದ ಇಲ್ಲದೆಯೂ ಒಮ್ಮೆ ನೋಡಿ, ಬಹಳ ಜನ ಹಾಗೇ ನೋಡುತ್ತಾರೆ. ಗೇಮ್ ಏನೆಂದೇ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, "ಇದರಲ್ಲಿ ಆಡುವವರು ಏನು ಮಾಡಬೇಕು?" ಎಂದು ಕೇಳಿ. ಅವರು ಹೇಳಲು ತಡವರಿಸಿದರೆ ಇನ್ನೊಮ್ಮೆ ಕತ್ತರಿ ಹಿಡಿಯಿರಿ.

ಪ್ರಶ್ನೆ: ನನ್ನ ತಮ್ಮ ಒಬ್ಬನೇ ಗೇಮ್ ಮಾಡುತ್ತಿದ್ದಾನೆ. ಚಿತ್ರ, ಸಂಗೀತ ಎಲ್ಲ ಅವನದೇ. ಆದರೆ ತುಂಬ ಸಂಕೋಚದವನು. "ನನ್ನ ಗೇಮ್ ನೋಡಿ" ಅಂತ ಹೇಳಿಕೊಳ್ಳಲು ಆಗಲ್ಲ ಅನ್ನುತ್ತಾನೆ. ಅವನ ಗೇಮ್ ಸುಮ್ನೆ ಮುಳುಗಿಹೋಗುತ್ತಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಅಕ್ಕ. ಇಂಥವರು ಈ ಕೆಲಸದಲ್ಲಿ ತುಂಬ ಜನ ಇದ್ದಾರೆ. ಅವರು ಕೈಬಿಡಬಾರದು ಎಂಬುದು ನನ್ನ ಆಸೆ.

ಸ್ಟಾರ್‌ಡ್ಯೂ ವ್ಯಾಲಿ ಗೇಮ್ ಗೊತ್ತಿರಬಹುದು. ಎರಿಕ್ ಬರೋನ್ ಎಂಬವರು ಕೋಡ್, ಚಿತ್ರ, ಸಂಗೀತ ಎಲ್ಲವನ್ನೂ ಒಬ್ಬರೇ ಮಾಡಿ, ನಾಲ್ಕು ವರ್ಷಕ್ಕೂ ಜಾಸ್ತಿ ಕೂತು, 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದರು. ಆ ವರ್ಷಗಳಲ್ಲಿ ಕೆಲಸ ಎಲ್ಲಿಗೆ ಬಂತು ಎಂದು ಆಗಾಗ ಬರೆದು ತೋರಿಸುತ್ತಿದ್ದರು. ಪ್ರಕಟಣೆಯ ಕೆಲಸಕ್ಕೆ ಚಕಲ್‌ಫಿಶ್ ಎಂಬ ಸಂಸ್ಥೆ ಕೈಜೋಡಿಸಿತ್ತು. ನಿಮ್ಮ ತಮ್ಮನೂ ತನ್ನ ಬಗ್ಗೆ ಒಂದು ಮಾತೂ ಆಡಬೇಕಾಗಿಲ್ಲ. ಇವತ್ತು ಮಾಡಿದ್ದನ್ನು ಹದಿನೈದು ಸೆಕೆಂಡ್ ರೆಕಾರ್ಡ್ ಮಾಡಿ, ಕೆಳಗೆ ಒಂದು ಸಾಲು ಬರೆದರೆ ಸಾಕು. "ಮಳೆ ಬಂದಾಗ ಈಗ ಬೆಕ್ಕು ಛಾವಣಿಯ ಕೆಳಗೆ ಓಡುತ್ತದೆ." ಇಂಥದ್ದನ್ನು ಓದಲು ಜನರಿಗೆ ಇಷ್ಟ. ಇದನ್ನು ಹಾಕಲು ಧೈರ್ಯವೂ ಬೇಕಾಗಿಲ್ಲ.

ಹಾಕುವ ಕೆಲಸವನ್ನು ನೀವೇ ವಹಿಸಿಕೊಂಡರೂ ಆಯಿತು. ಪ್ರಕಾಶಕರು ಯಾರಾದರೂ ಮುಂದೆ ಬಂದರೆ ಸಹಿ ಹಾಕುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ಪಾಲು ಎಷ್ಟು, ಅವರು ಹಾಕಿದ ಹಣ ಮೊದಲು ಯಾರ ಪಾಲಿನಿಂದ ಮುರಿದುಕೊಳ್ಳುತ್ತಾರೆ, ಗೇಮ್‌ನ ಹಕ್ಕು ಯಾರ ಹೆಸರಲ್ಲಿ ಉಳಿಯುತ್ತದೆ. "ಪ್ರಚಾರ ನಮ್ಮದು" ಅಂದರೆ ಏನೇನು ಮಾಡುತ್ತಾರೆ ಎನ್ನುವುದನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ಡೆಮೊ ಕೊಟ್ಟರೆ ಜನ ಅದನ್ನಷ್ಟೇ ಆಡಿ ಬಿಟ್ಟುಬಿಡುತ್ತಾರೆ ಎಂಬ ಭಯ ಇದೆ. ಕೊಡಲೇಬೇಕಾ?

ಡೆಮೊ ಅಂದರೆ ಪುಕ್ಕಟೆ ಆಡಿ ನೋಡಲು ಕೊಡುವ ಗೇಮ್‌ನ ಒಂದು ಭಾಗ. ಗೇಮ್‌ನ ಖುಷಿ ಆಡಿದರೇ ಗೊತ್ತಾಗುವಂಥದ್ದಾದರೆ ಕೊಡಿ. ಪಜಲ್ ಗೇಮ್‌ಗಳಿಗೆ ನಾನು ತಪ್ಪದೆ ಕೊಡುತ್ತೇನೆ. ಚಿತ್ರ ನೋಡಿ ಯಾರಿಗೂ ಪಜಲ್‌ನ ರುಚಿ ತಿಳಿಯುವುದಿಲ್ಲ. ಎರಡು ಗಂಟೆಯಲ್ಲಿ ಮುಗಿಯುವ ಕಥೆಯ ಗೇಮ್ ಆದರೆ ನಿಮ್ಮ ಭಯದಲ್ಲಿ ಅರ್ಥ ಇದೆ.

ಸ್ಟೀಮ್ ನೆಕ್ಸ್ಟ್ ಫೆಸ್ಟ್ ಎಂಬ ಡೆಮೊ ಹಬ್ಬ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ, ಒಂದೊಂದು ವಾರ. ಇನ್ನೂ ಬಿಡುಗಡೆ ಆಗದ ಗೇಮ್‌ಗಳಿಗೆ ಮಾತ್ರ ಪ್ರವೇಶ. ಒಂದು ಗೇಮ್‌ಗೆ ಒಂದೇ ಅವಕಾಶ. ಆದ್ದರಿಂದ ಬಿಡುಗಡೆಗೆ ತೀರಾ ಹತ್ತಿರ ಇರುವ ಹಬ್ಬವನ್ನೇ ಆರಿಸಿಕೊಳ್ಳಿ. ಪುಟ ತೆರೆದ ಮರುವಾರವೇ ಹೋಗಬೇಡಿ. ಹಬ್ಬಕ್ಕೆ ಮುಂಚೆ ಡೆಮೊವನ್ನು ಹೊರಗೆ ಬಿಟ್ಟು, ಬಗ್‌ಗಳನ್ನು ಸರಿಮಾಡಿಕೊಂಡಿರಬೇಕು. ಹಬ್ಬದ ಮೊದಲ ದಿನ ಗೇಮ್ ಕ್ರ್ಯಾಶ್ ಆದರೆ ಆ ವಾರ ತಿರುಗಿ ಬರುವುದಿಲ್ಲ. ಇದಕ್ಕಿಂತ ಮುಂಚಿನ ಹಸಿ ಡೆಮೊ ತೋರಿಸಬೇಕೆಂದರೆ ಇಚ್.ಐಓ ಎಂಬ ಗೇಮ್ ತಾಣ ಒಳ್ಳೆಯ ಜಾಗ. ಅಲ್ಲಿ ಮಾರಾಟದಲ್ಲಿ ಆ ತಾಣದ ಪಾಲು ಎಷ್ಟು ಎನ್ನುವುದನ್ನೂ ನೀವೇ ನಿಗದಿ ಮಾಡಬಹುದು, ಸೊನ್ನೆಯೂ ಆಗಬಹುದು.

ಡೆಮೊ ಎಲ್ಲಿ ನಿಲ್ಲಬೇಕು ಎನ್ನುವುದು ಮುಖ್ಯ. ನಾವು ಗಡಿಯಾರ ರಿಪೇರಿಯ ಪಜಲ್ ಗೇಮ್ ಮಾಡಿದಾಗ, ಎರಡನೇ ಮುಳ್ಳು ಉಲ್ಟಾ ತಿರುಗಲು ಶುರುವಾದ ಕ್ಷಣಕ್ಕೇ ಡೆಮೊ ನಿಲ್ಲಿಸಿದೆವು. ಆಡುವವರು ಒಂದು ನಿಯಮ ಚೆನ್ನಾಗಿ ಕಲಿತಿರುತ್ತಾರೆ, ಅದೇ ನಿಯಮ ಕಣ್ಣೆದುರು ಬದಲಾಗುತ್ತದೆ, ಮುಂದೇನು ಎಂಬ ಕುತೂಹಲ ಹುಟ್ಟುತ್ತದೆ. ಅಲ್ಲೇ ವಿಶ್‌ಲಿಸ್ಟ್ ಬಟನ್ ಇಡಿ.

ಪ್ರಶ್ನೆ: ಬಿಡುಗಡೆ ಹತ್ತಿರ ಬಂದಂತೆ "ನಾನು ಯೂಟ್ಯೂಬರ್, ನಾಲ್ಕು ಕೀ ಕಳಿಸಿ" ಎಂಬ ಇಮೇಲ್‌ಗಳು ಬರುತ್ತಿವೆ. ಎಲ್ಲರಿಗೂ ಕಳಿಸಲಾ?

ಖಂಡಿತ ಬೇಡ. ಇವುಗಳಲ್ಲಿ ಬಹಳಷ್ಟು ಮೋಸದವು. ಕೀ ಅಂದರೆ ಗೇಮ್ ಅನ್ನು ಹಣ ಕೊಡದೆ ಪಡೆಯಲು ಕೊಡುವ ಕೋಡ್. ಅದನ್ನು ಪಡೆದು ಬೇರೆ ಕಡೆ ಮಾರುತ್ತಾರೆ. ದೊಡ್ಡ ಚಾನೆಲ್‌ನ ಹೆಸರನ್ನೇ ಹೇಳುತ್ತಾರೆ, ಇಮೇಲ್ ವಿಳಾಸದಲ್ಲಿ ಒಂದಕ್ಷರ ಬೇರೆ ಇರುತ್ತದೆ. ನೇರವಾಗಿ ಆ ಚಾನೆಲ್‌ನ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ವಿಳಾಸಕ್ಕೆ "ನೀವೇ ಕೇಳಿದ್ದಾ?" ಎಂದು ಬರೆಯಿರಿ. ವಿಡಿಯೋ ಮಾಡುವವರಿಗೆ ಒಂದೇ ಕೀ ಸಾಕು. ಸ್ಟೀಮ್ ಕ್ಯುರೇಟರ್, ಅಂದರೆ ಸ್ಟೀಮ್‌ನಲ್ಲಿ ಗೇಮ್ ಶಿಫಾರಸು ಮಾಡುವವರು, ಎಂದು ಹೇಳಿಕೊಂಡು ಬಂದವರಿಗೆ ಕೀ ಕೊಡಬೇಡಿ, ಸ್ಟೀಮ್‌ನ ಒಳಗೇ ಇರುವ ಕ್ಯುರೇಟರ್ ಕನೆಕ್ಟ್ ಮೂಲಕ ಗೇಮ್ ಕಳಿಸಿ. ಹಾಗೆ ಕಳಿಸಿದ್ದನ್ನು ಮಾರಲು ಆಗುವುದಿಲ್ಲ.

ಕೇಳದೆ ಇರುವವರನ್ನು ನೀವೇ ಹುಡುಕಿ ಬರೆಯುವುದು ಇದಕ್ಕಿಂತ ದೊಡ್ಡ ಕೆಲಸ. ನಿಮ್ಮಂಥದ್ದೇ ಗೇಮ್ ಆಡಿದ ಸಣ್ಣ ಚಾನೆಲ್‌ಗಳನ್ನು ಹುಡುಕಿ, ಅವರ ಒಂದು ವಿಡಿಯೋವನ್ನಾದರೂ ಪೂರ್ತಿ ನೋಡಿ. ನಾನು ಬರೆಯುವುದು ಹೀಗೆ: "ನಮಸ್ಕಾರ. ಬೀಗ ಬಿಚ್ಚುವ ಪಜಲ್ ಆಡುವಾಗ ನೀವು ಪ್ರತಿ ಸುಳಿವನ್ನೂ ಕಾಗದದ ಮೇಲೆ ಬರೆದುಕೊಂಡಿದ್ದು ನೋಡಿದೆ. ನಮ್ಮ ಗೇಮ್‌ನಲ್ಲೂ ಹಾಗೆ ಬರೆದುಕೊಳ್ಳಬೇಕಾಗುತ್ತದೆ. ಗಡಿಯಾರ ರಿಪೇರಿ ಮಾಡುವ ಪಜಲ್, ಸುಮಾರು ನಾಲ್ಕು ಗಂಟೆಯದು. ಕೀ ಕೆಳಗಿದೆ. ಇಷ್ಟವಾದರೆ ಆಡಿ." ಜೊತೆಗೆ ಟ್ರೇಲರ್ ಕೊಂಡಿ, ಬಿಡುಗಡೆ ದಿನಾಂಕ. ಅಷ್ಟೇ. ಬಿಡುಗಡೆಗೆ ಎರಡು ಮೂರು ವಾರ ಮುಂಚೆ ಕಳಿಸಿ, ಅವರಿಗೂ ಆಡಲು ಸಮಯ ಬೇಕು.

ಪ್ರಶ್ನೆ: ಬೆಲೆ ಎಷ್ಟಿಡಲಿ?

ನಿಮ್ಮ ಗೇಮ್‌ನಷ್ಟೇ ಉದ್ದದ, ಅದೇ ಬಗೆಯ ಹತ್ತು ಗೇಮ್‌ಗಳ ಬೆಲೆ ನೋಡಿ, ಅವುಗಳ ಮಧ್ಯದಲ್ಲಿಡಿ. ತೀರಾ ಕಡಿಮೆ ಇಟ್ಟರೆ ಮುಂದೆ ರಿಯಾಯಿತಿ ಕೊಡಲು ಜಾಗ ಇರುವುದಿಲ್ಲ. ಬೇರೆ ದೇಶಗಳ ಬೆಲೆಗೆ ಸ್ಟೀಮ್ ತಾನೇ ಸಲಹೆ ಕೊಡುತ್ತದೆ, ಒಮ್ಮೆ ಕಣ್ಣಾಡಿಸಿ ಒಪ್ಪಿಕೊಳ್ಳಿ. ಮಾರಾಟದಲ್ಲಿ ಶೇ. 30 ಸ್ಟೀಮ್ ಪಾಲು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ, ತೆರಿಗೆ ಬೇರೆ.

ಪ್ರಶ್ನೆ: ಗೇಮ್ ಬಿಡುಗಡೆಯಾಗಿ ವಾರವಾಯಿತು. ಮಾರಾಟ ಕಡಿಮೆ. ಮೊದಲ ರಿವ್ಯೂನೇ ಕೆಟ್ಟದ್ದು: "ಸೇವ್ ಆಗಲ್ಲ, ವಾಪಸ್ ಕೊಟ್ಟೆ." ನಿದ್ದೆ ಬರುತ್ತಿಲ್ಲ. ಗೆಳೆಯರಿಗೆ ಹೇಳಿ ಒಳ್ಳೆ ರಿವ್ಯೂ ಬರೆಸಲಾ? ಬೆಲೆ ಇಳಿಸಲಾ?

ಮೊದಲು ಸೇವ್ ಸರಿಮಾಡಿ, ಆಡುವವರು ನಿಲ್ಲಿಸಿದಲ್ಲಿಂದಲೇ ಮುಂದುವರಿಸಲು ಆಗಬೇಕು. ಉಳಿದದ್ದೆಲ್ಲ ಆಮೇಲೆ.

ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಯಾರು ಬೇಕಾದರೂ ಗೇಮ್ ವಾಪಸ್ ಕೊಡಬಹುದು. ಅದು ಎಲ್ಲ ಗೇಮ್‌ಗೂ ಇರುವ ನಿಯಮ, ನಿಮ್ಮ ಮೇಲಿನ ತೀರ್ಪಲ್ಲ. ಆ ರಿವ್ಯೂ ಬರೆದವರು ನಿಮಗೆ ಉಪಕಾರ ಮಾಡಿದ್ದಾರೆ. ಎಷ್ಟೋ ಜನ ಏನೂ ಹೇಳದೆ ವಾಪಸ್ ಕೊಟ್ಟು ಹೋಗಿರುತ್ತಾರೆ.

ಗೆಳೆಯರಿಂದ ಬರೆಸಬೇಡಿ. ರಿವ್ಯೂಗಳನ್ನು ಹೀಗೆ ತಿರುಚುವುದನ್ನು ಸ್ಟೀಮ್ ಒಪ್ಪುವುದಿಲ್ಲ, ಗೇಮ್ ಅನ್ನೇ ತೆಗೆದುಹಾಕಬಹುದು. ಕೀ ಕೊಟ್ಟು ಬರೆಸಿದ ರಿವ್ಯೂಗಳು 2016ರಿಂದ ಅಂಕದ ಲೆಕ್ಕಕ್ಕೂ ಬರುವುದಿಲ್ಲ. 'ಹೆಚ್ಚಾಗಿ ಮೆಚ್ಚುಗೆ' ಎಂಬಂಥ ಸಾಲು ಪುಟದಲ್ಲಿ ಕಾಣಲು ಹಣ ಕೊಟ್ಟು ಕೊಂಡವರ ಹತ್ತು ರಿವ್ಯೂ ಬೇಕು. ಆ ಹತ್ತಕ್ಕಾಗಿ ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಪ್ರತಿಯಾಗಿ ಏನನ್ನೂ ಕೊಡಬೇಡಿ, ಒಳ್ಳೆಯದನ್ನೇ ಬರೆಯಿರಿ ಅನ್ನಬೇಡಿ. "ಆಡಿದ್ದರೆ ನಿಮ್ಮ ಅಭಿಪ್ರಾಯ ಬರೆಯಿರಿ, ನಮ್ಮಂಥ ಸಣ್ಣವರಿಗೆ ಸಹಾಯವಾಗುತ್ತದೆ" ಅಂದರೆ ಸಾಕು.

ಬೆಲೆಯನ್ನು ಈಗ ಮುಟ್ಟಬೇಡಿ. ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡು ಇನ್ನೂ ಕೊಳ್ಳದವರು ಇದ್ದೇ ಇರುತ್ತಾರೆ. ಶೇ. 20 ಅಥವಾ ಅದಕ್ಕಿಂತ ಹೆಚ್ಚು ರಿಯಾಯಿತಿ ಕೊಟ್ಟಾಗ ಅವರಿಗೆ ಮತ್ತೆ ಇಮೇಲ್ ಹೋಗುತ್ತದೆ. ಆ ಇಮೇಲ್ ನೋಡಿ ಬಂದವರಿಗೆ ಸರಿಯಾಗಿ ಸೇವ್ ಆಗುವ ಗೇಮ್ ಸಿಗಬೇಕು. ಒಂದು ಒಳ್ಳೆ ಅಪ್‌ಡೇಟ್ ಜೊತೆಗೇ ರಿಯಾಯಿತಿ ಇಡಿ.

ಅಮಾಂಗ್ ಅಸ್ 2018ರಲ್ಲಿ ಬಂದ ಗೇಮ್. ಅದನ್ನು ಜಗತ್ತೆಲ್ಲ ಆಡಿದ್ದು 2020ರಲ್ಲಿ, ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ಸ್ಟ್ರೀಮರ್‌ಗಳ ಕಣ್ಣಿಗೆ ಬಿದ್ದ ಮೇಲೆ. ಅಂಥ ಅದೃಷ್ಟವನ್ನು ನಂಬಿ ಕೂರಿ ಅಂತ ನಾನು ಹೇಳುವುದಿಲ್ಲ. ಆದರೆ ಬಿಡುಗಡೆಯಾದ ಮೇಲೂ ಅದನ್ನು ಮಾಡಿದವರು ಗೇಮ್ ಅನ್ನು ಸರಿಮಾಡುತ್ತಿದ್ದರು. ಜನ ಬಂದಾಗ ಅದು ಆಡುವ ಸ್ಥಿತಿಯಲ್ಲಿತ್ತು.

ಸೇವ್ ಸರಿಯಾದ ದಿನ ಅಪ್‌ಡೇಟ್ ಜೊತೆ ಒಂದು ಸಣ್ಣ ಪ್ರಕಟಣೆ ಹಾಕಿ: ಏನು ಕೆಟ್ಟಿತ್ತು, ಯಾವಾಗ ಕೆಡುತ್ತಿತ್ತು, ಹಳೆಯ ಸೇವ್ ಉಳಿಯುತ್ತದಾ ಇಲ್ಲವಾ. ಆಮೇಲೆ ಆ ಕೆಟ್ಟ ರಿವ್ಯೂ ಕೆಳಗೆ ಡೆವಲಪರ್ ಉತ್ತರವಾಗಿ ಎರಡು ಸಾಲು ಬರೆಯಿರಿ. ತಿಳಿಸಿದ್ದಕ್ಕೆ ಧನ್ಯವಾದ, ಇಂಥ ಅಪ್‌ಡೇಟ್‌ನಲ್ಲಿ ಸರಿಯಾಗಿದೆ ಅಂತ. ರಿವ್ಯೂ ಬದಲಿಸಿ ಎಂದು ಕೇಳಬೇಡಿ. ಇವತ್ತು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಸೇವ್ ಫೈಲ್‌ನಿಂದ ಶುರು ಮಾಡಿ. ಸರಿಯಾದ ಮೇಲೆ ಪುಟದ ಹೆಸರು ಬರೆದು ಕಳಿಸಿ, ನಾನು ಕೊಂಡು ಆಡುತ್ತೇನೆ.